ಧೂಳು ತಿಂದದ್ದು ಫ್ಯಾನು, ಬೈಸಿಕೊಂಡದ್ದು ಲಿನಕ್ಸು!



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳಲ್ಲಿ ಈಗ ಒಂದು ಹೊಸ ಸುಳ್ಳು ಓಡಾಡುತ್ತಿದೆ. ನೀವು ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತೀರಿ. "ಕೆಲಸ ಮಾಡಾಕತ್ತಾಗ ತಾನ ಬಂದ್ ಆಗ್ತೈತ್ರಿ" ಎನ್ನುತ್ತೀರಿ. ಆತ ಮುಚ್ಚಳ ತೆರೆದು ಪರದೆ ನೋಡುತ್ತಾನೆ. ಒಳಗೆ ಬಿಚ್ಚಿ ನೋಡುವುದಿಲ್ಲ. "ಲಿನಕ್ಸ್ ಹಾಕೀರಲ್ಲ, ಅದಕ್ಕ ಹಂಗ ಆಗ್ತೈತಿ. ಅದನ್ನ ತಗದು ವಿಂಡೋಸ್ ಹಾಕೂಣು, ಹದಿನೈದನೂರು ಕೊಡ್ರಿ!" ತೀರ್ಪು ಮುಗಿಯಿತು. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ಆರೋಪಿಗೆ ಬಾಯಿಯೂ ಇಲ್ಲ!

ಇದು ಹಸಿ ಸುಳ್ಳು ಎಂದು ನಾನು ಹೇಳುತ್ತೇನೆ. ನಾನು ಇಂಜಿನಿಯರ್ ಅಲ್ಲ. ಪಿ.ಯು.ಸಿ. ಓದಿ ಛಾಪಖಾನೆ ಹಿಡಿದವನು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸಾಯಟಿಯ ರಸೀದಿ ಪುಸ್ತಕ ನನ್ನ ವಿದ್ಯೆ. ಆದರೆ ಮಷಿನ್ ಯಾಕೆ ನಿಂತಿತು ಎಂದು ಹುಡುಕುವುದು ಛಾಪಖಾನೆಯವನಿಗೆ ದಿನದ ಅನ್ನ. ಆಫ್‌ಸೆಟ್ ಮಷಿನ್ ನಿಂತರೆ ನಾವು ಇಂಕಿನ ಕಂಪನಿಯನ್ನು ಬೈಯುತ್ತೇವೆಯೇ? ಮೋಟಾರು ಮುಟ್ಟಿ ನೋಡುತ್ತೇವೆ, ಬೆಲ್ಟು ನೋಡುತ್ತೇವೆ, ಫ್ಯೂಸು ನೋಡುತ್ತೇವೆ. ಲ್ಯಾಪ್‌ಟಾಪಿಗೆ ಮಾತ್ರ ಬೇರೆ ನ್ಯಾಯ ಯಾಕೆ ಸ್ವಾಮಿ?

ಈ ಸುಳ್ಳು ಈಗಲೇ ಯಾಕೆ ಹುಟ್ಟಿತು, ಅದನ್ನು ಕೇಳಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಕೈ ಬಿಟ್ಟಿತು. ವಿಂಡೋಸ್ 11 ಹಾಕೋಣ ಎಂದರೆ ಹಳೆಯ ಪ್ರೊಸೆಸರ್ ಇರುವ ಮಷಿನ್‌ಗಳನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ನಮ್ಮ ಭಾಗದ ಡಿ.ಟಿ.ಪಿ. ಅಂಗಡಿ, ಝೆರಾಕ್ಸ್ ಅಂಗಡಿ, ಕಾಲೇಜು ಹುಡುಗರ ಕೈಯಲ್ಲಿರುವವು ಹೆಚ್ಚಿನವು ಅಂಥ ಮಷಿನ್‌ಗಳೇ. ತಿಳಿದವರು ಉಬುಂಟು ಹಾಕಿದರು, ಮಿಂಟ್ ಹಾಕಿದರು. ಸರಿಯಾದ ಕೆಲಸವನ್ನೇ ಮಾಡಿದರು. ಆದರೆ ಮಷಿನ್ ಮುದುಕ. ಎಂಟು ಹತ್ತು ವರ್ಷದ ಬ್ಯಾಟರಿ, ಒಮ್ಮೆಯೂ ಬಿಚ್ಚದ ಫ್ಯಾನು, ಒಣಗಿ ಸುಣ್ಣವಾದ ಪೇಸ್ಟು. ಅದು ವಿಂಡೋಸ್ ಇದ್ದರೂ ಬಂದ್ ಆಗುತ್ತಿತ್ತು. ಮುದಿ ಎತ್ತಿಗೆ ಹೊಸ ನೊಗ ಹೂಡಿ, ಎತ್ತು ಕುಂಟಿದರೆ ನೊಗಕ್ಕೆ ಬೈದ ಹಾಗಾಯಿತು!

ನಮ್ಮ ಪತ್ರಿಕೆಯ ಓದುಗರು ಕೇಳಬಹುದು: "ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?" ಇದೆ. ಈ ಲಿನಕ್ಸ್ ಶುರು ಮಾಡಿದವನು ಫಿನ್ಲೆಂಡ್ ದೇಶದ ಒಬ್ಬ ವಿದ್ಯಾರ್ಥಿ, ಲಿನಸ್ ಟೊರ್ವಾಲ್ಡ್ಸ್, 1991ರಲ್ಲಿ. ಫಿನ್ನಿಷ್ ಭಾಷೆಯ ನಾಡಿನಲ್ಲಿ ಸ್ವೀಡಿಷ್ ಮಾತಾಡುವ ಅಲ್ಪಸಂಖ್ಯಾತ ಮನೆಯ ಹುಡುಗ. (ಗಡಿಯ ಮಂದಿಗೆ ಈ ಮಾತು ಬೇರೆಯಾಗಿ ಬಿಡಿಸಿ ಹೇಳಬೇಕಿಲ್ಲ.) ಅವನೂ ಸಾವಿರಾರು ಜನರೂ ಸೇರಿ ಕಟ್ಟಿದ ಈ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸಿನ ದುಡ್ಡಿಲ್ಲ. ಅದರಲ್ಲಿ ನಮ್ಮ ಕಗಪ ಕೀಲಿಮಣೆ ಇದೆ. ಯೂನಿಕೋಡ್ ಕನ್ನಡ ಅಕ್ಷರ ಇದೆ. ಮೆನುಗಳನ್ನೇ ಕನ್ನಡಕ್ಕೆ ತಂದ ಸ್ವಯಂಸೇವಕರಿದ್ದಾರೆ. 2024ರಲ್ಲಿ ಬಂದ ಸ್ಕ್ರೈಬಸ್ 1.6ರಲ್ಲಿ ಒತ್ತಕ್ಷರ ಮುರಿಯದೆ ಪುಟ ಕಟ್ಟಬಹುದು. ಪೇಜ್‌ಮೇಕರ್ ಸತ್ತು ಎಷ್ಟೋ ವರ್ಷವಾದರೂ ಅದರ ಕದ್ದ ಸಿ.ಡಿ.ಯನ್ನು ಎದೆಗವಚಿಕೊಂಡು ಕುಳಿತ ನನ್ನ ವೃತ್ತಿಬಾಂಧವರು ಇದನ್ನು ಎರಡು ಸಲ ಓದಲಿ. ಕಳ್ಳ ವಿಂಡೋಸು, ಕಳ್ಳ ಫಾಂಟು, ಕಳ್ಳ ಪೇಜ್‌ಮೇಕರ್ ಇಟ್ಟುಕೊಂಡು "ಸ್ವಾಭಿಮಾನ" ಎಂಬ ಪದವನ್ನು ಬ್ಯಾನರಿನ ಮೇಲೆ ಛಾಪಿಸುತ್ತೇವಲ್ಲ, ಆ ಪದಕ್ಕೆ ನಾಚಿಕೆಯಾಗುವುದಿಲ್ಲವೇ!

ಈ ಸುಳ್ಳಿಗೆ ತೆತ್ತ ಬೆಲೆ ಏನು ಗೊತ್ತೇ? ನನ್ನ ಛಾಪಖಾನೆಗೆ ಬರುವ ಒಬ್ಬ ನಿವೃತ್ತ ಕನ್ನಡ ಮಾಸ್ತರರು ರಾಯಬಾಗ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹಾಡುವ ಬೀಸುಕಲ್ಲಿನ ಪದ, ಕಣದಲ್ಲಿ ಹಾಡುವ ಹಂತಿಯ ಪದ ಸಂಗ್ರಹಿಸುತ್ತಿದ್ದರು. ಆರು ವರ್ಷದ ದುಡಿಮೆ. ಹಾಡಿದ ಅಜ್ಜಿಯರಲ್ಲಿ ಕೆಲವರು ತೀರಿಹೋಗಿದ್ದಾರೆ. ಎಲ್ಲವನ್ನೂ ತಾವೇ ಕುಳಿತು ಟೈಪ್ ಮಾಡಿದ್ದರು, ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ. ಬೇಸಿಗೆಯಲ್ಲಿ ಅದು ಅರ್ಧ ತಾಸಿಗೊಮ್ಮೆ ಬಂದ್ ಆಗತೊಡಗಿತು. ಗಡಿಯಾಚೆಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವನು ಅದೇ ಮಂತ್ರ ಹೇಳಿ, ಒಂದು ಮಾತು ಕೇಳದೆ, ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹಾಕಿ ಕೈಗಿತ್ತ. ಮೂರನೆಯ ದಿನ ಮಷಿನ್ ಮತ್ತೆ ತಾನಾಗಿಯೇ ಬಂದ್! ಮಾಸ್ತರರು ನನ್ನಲ್ಲಿಗೆ ತಂದಾಗ ಬಿಚ್ಚಿ ನೋಡಿದೆವು. ಗಾಳಿ ಹೊರಹೋಗುವ ಜಾಲರಿಯ ಮುಂದೆ ಧೂಳು ಕಂಬಳಿಯ ಹಾಗೆ ಗಟ್ಟಿ ಕೂತಿತ್ತು. ಅದನ್ನು ತೆಗೆದ ಮೇಲೆ ಮಷಿನ್ ಇಂದಿಗೂ ನಡೆಯುತ್ತಿದೆ. ಹಾಡುಗಳು? ಅರ್ಧಕ್ಕಿಂತ ಹೆಚ್ಚು ಹೋದವು. ನಾನು ಪ್ರೂಫಿಗೆಂದು ತೆಗೆದಿಟ್ಟ ಪುಟಗಳಷ್ಟೇ ಉಳಿದವು.

ಆ ಅಂಗಡಿಯವನು ಮರಾಠಿಯವನೋ ಕನ್ನಡದವನೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ನಮ್ಮ ಪೇಟೆಯ ಅಚ್ಚ ಕನ್ನಡದ ಅಂಗಡಿಗಳೂ ಇದೇ ಮಂತ್ರ ಜಪಿಸುತ್ತವೆ. ಕಾಗವಾಡದವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಬೆಳಗಾವಿ ದೂರ. ಹೋಗುವವರು ಹೋಗಲಿ. ಆದರೆ ಕಾರಣ ಗೊತ್ತಿಲ್ಲದೆ ಹೋದವನು ಎಲ್ಲಿ ಹೋದರೂ ಟೋಪಿ ಹಾಕಿಸಿಕೊಳ್ಳುತ್ತಾನೆ. ಆದ್ದರಿಂದ ಕಾರಣವನ್ನೇ ಕನ್ನಡದಲ್ಲಿ ಹೇಳುತ್ತೇನೆ, ಕಿವಿಗೊಡಿ.

ಲಿನಕ್ಸ್ ಮನೆಯಲ್ಲಿಲ್ಲದಾಗಲೂ ಕಳವಾದರೆ?

ಮೊಟ್ಟಮೊದಲ ಪರೀಕ್ಷೆಗೆ ಒಂದು ಪೈಸೆಯ ಖರ್ಚಿಲ್ಲ. ಮಷಿನ್ ಚಾಲೂ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಅಥವಾ ಎಫ್10 ಒತ್ತಿದರೆ (ಕಂಪನಿಗೊಂದು ಕೀಲಿ) ಬಯೋಸ್ ಎಂಬ ಪರದೆ ಬರುತ್ತದೆ. ಆಗ ಲಿನಕ್ಸ್ ಇನ್ನೂ ಎದ್ದಿರುವುದಿಲ್ಲ. ವಿಂಡೋಸೂ ಇಲ್ಲ. ಬರೀ ಕಬ್ಬಿಣ, ತಾಮ್ರ, ಕರೆಂಟು. ಆ ಪರದೆಯಲ್ಲೇ ಮಷಿನ್ ಬಿಟ್ಟು ಒಂದು ತಾಸು ಚಹಾ ಕುಡಿದು ಬನ್ನಿ. ಅಲ್ಲಿಯೂ ಬಂದ್ ಆಯಿತೋ? ಹಾಗಾದರೆ ಮನೆಯಲ್ಲಿಲ್ಲದವನ ಮೇಲೆ ಕಳ್ಳತನದ ಕೇಸು ಹಾಕಬೇಡಿ. ಅಂಗಡಿಯವನ ಎದುರಿಗೇ ಈ ಪರೀಕ್ಷೆ ಮಾಡಿಸಿ. ಹದಿನೈದನೂರರ ಮಾತು ಅಲ್ಲಿಗೇ ನಿಲ್ಲುತ್ತದೆ. ಬಯೋಸಿನಲ್ಲಿ ಬಂದ್ ಆಗದಿದ್ದರೆ ಮಾತ್ರ ಲಿನಕ್ಸ್ ತಪ್ಪು ಎಂದು ಕುಣಿಯಬೇಡಿ, ಕೆಲಸದ ಹೊರೆ ಬಿದ್ದಾಗಷ್ಟೇ ಕಾಯುವ ಮಷಿನ್‌ಗಳೂ ಇವೆ.

ಎರಡನೆಯದು ದಿನಚರಿ. ಲಿನಕ್ಸ್ ತನ್ನ ಪ್ರತಿ ಕೆಲಸವನ್ನು ಒಂದು ವಹಿಯಲ್ಲಿ ಬರೆದಿಡುತ್ತದೆ. ಮತ್ತೆ ಚಾಲೂ ಮಾಡಿದ ಮೇಲೆ ಟರ್ಮಿನಲ್ ತೆರೆಯಿರಿ. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ 'ಜರ್ನಲ್' ಎಂಬ ಪದ, ಅದಕ್ಕೆ ಅಂಟಿಕೊಂಡೇ ಸಿ, ಟಿ, ಎಲ್ ಎಂಬ ಮೂರು ಅಕ್ಷರ. ಒಂದು ಜಾಗ ಬಿಟ್ಟು ಅಡ್ಡಗೆರೆ, ಬಿ. ಜಾಗ ಬಿಟ್ಟು ಅಡ್ಡಗೆರೆ, 1. ಜಾಗ ಬಿಟ್ಟು ಅಡ್ಡಗೆರೆ, ಇ. ಎಂಟರ್ ಒತ್ತಿ. ಹಿಂದಿನ ಸಲದ ವಹಿಯ ಕೊನೆಯ ಪುಟ ಕಣ್ಣ ಮುಂದೆ ಬರುತ್ತದೆ. ಇಷ್ಟು ಹೇಳಲು ನಾನು ಎಷ್ಟು ಸರ್ಕಸ್ ಮಾಡಬೇಕಾಯಿತು ನೋಡಿ! ಫೋನಿನಲ್ಲಿ ದಿನಾ ಹೀಗೇ ಹೇಳುತ್ತೇನೆ, ಜನ ಮಾಡುತ್ತಾರೆ.

ಆ ಕೊನೆಯ ಸಾಲುಗಳನ್ನು ಓದುವುದು ಹೇಗೆ? ಮೊಳೆ ಜೋಡಿಸುವ ಕಾಲದ ಲೆಕ್ಕದಲ್ಲಿ ಹೇಳುತ್ತೇನೆ. ಕಂಪೋಸಿಟರ್ ವಾಕ್ಯ ಮುಗಿಸಿ, ಪೂರ್ಣವಿರಾಮ ಇಟ್ಟು, ಕೈ ತೊಳೆದು ಮನೆಗೆ ಹೋದರೆ ಯಾರೋ ಹೇಳಿ ಕಳಿಸಿದ್ದಾರೆ ಎಂದರ್ಥ. ಅರ್ಧ ಪದಕ್ಕೆ ಸ್ಟಿಕ್ ಬಿಸಾಕಿ ಬಿದ್ದಿದ್ದರೆ ಅವನಿಗೇ ಏನೋ ಆಗಿದೆ ಎಂದರ್ಥ. ವಹಿಯ ಕೊನೆಯಲ್ಲಿ ಒಂದೊಂದೇ ಸೇವೆ ನಿಲ್ಲಿಸಿ, 'ಪವರ್ ಆಫ್' ಎಂದು ಶಿಸ್ತಾಗಿ ಬರೆದಿದ್ದರೆ ಮೇಲಕ್ಕೆ ಹೋಗಿ ಹುಡುಕಿ: ಬ್ಯಾಟರಿ ಮುಗಿಯಿತು ಎಂದಿರಬಹುದು, 'ಕ್ರಿಟಿಕಲ್ ಟೆಂಪರೇಚರ್' ಮುಟ್ಟಿತು ಎಂದಿರಬಹುದು, ಪವರ್ ಗುಂಡಿ ಒತ್ತಲಾಯಿತು ಎಂದಿರಬಹುದು. ಬರೆಯುತ್ತಿದ್ದ ಸಾಲು ಬರೆಯುತ್ತಿದ್ದಂತೆ ತುಂಡಾಗಿದ್ದರೆ ಲಿನಕ್ಸಿಗೆ ತಾನು ಸಾಯುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಕರೆಂಟು ಕಡಿದು ಹೋಯಿತು, ಅಥವಾ ಪ್ರೊಸೆಸರ್ ಸುಟ್ಟುಹೋಗುವ ಭಯಕ್ಕೆ ತಾನೇ ಸ್ವಿಚ್ ಎಳೆಯಿತು.

ನಮ್ಮ ಧೂಳು ಬೇರೆ, ಬೆಂಗಳೂರಿನ ಧೂಳು ಬೇರೆ

ಇನ್ನು ಕಾವಿನ ಮಾತು. ಪ್ರೊಸೆಸರ್‌ಗೊಂದು ಕಾವಿನ ಗಡಿ ಇರುತ್ತದೆ, ಹೆಚ್ಚಿನವಕ್ಕೆ ಸುಮಾರು 100 ಡಿಗ್ರಿ. ಆ ಗಡಿ ದಾಟುವ ಮೊದಲು ಅದು ನಿಧಾನವಾಗುತ್ತದೆ, ಆದರೂ ತಣಿಯದಿದ್ದರೆ ಬಂದ್. ಉಬುಂಟು, ಮಿಂಟ್‌ನಲ್ಲಿ 'ಎಲ್‌ಎಂ ಸೆನ್ಸರ್ಸ್' ಎಂಬುದನ್ನು ಹಾಕಿಕೊಂಡು ಟರ್ಮಿನಲ್‌ನಲ್ಲಿ 'ಸೆನ್ಸರ್ಸ್' ಎಂದು ಬಡಿದರೆ ಕಾವು ಡಿಗ್ರಿಯಲ್ಲೇ ಕಾಣುತ್ತದೆ. ಸುಮ್ಮನಿದ್ದಾಗ 40ರಿಂದ 55, ಕೆಲಸದಲ್ಲಿ 70ರಿಂದ 85 ಇದ್ದರೆ ಹೆದರಬೇಡಿ. ಸುಮ್ಮನಿದ್ದಾಗಲೇ 80, ಒಂದು ಪಿ.ಡಿ.ಎಫ್. ತೆರೆದರೆ 97 ಎಂದರೆ ಒಳಗೆ ಗಾಳಿ ಆಡುತ್ತಿಲ್ಲ.

ಯಾಕೆ ಆಡುತ್ತಿಲ್ಲ? ನಿಪ್ಪಾಣಿಯ ತಂಬಾಕಿನ ಗಲ್ಲಿಗಳಲ್ಲಿ ಒಂದು ದಿನ ಮಷಿನ್ ತೆರೆದಿಟ್ಟು ನೋಡಿ. ಆ ಹಳದಿ ಪುಡಿ ಮೂಗಿಗಷ್ಟೇ ಅಲ್ಲ, ಫ್ಯಾನಿನ ಬುಡಕ್ಕೂ ಹೋಗುತ್ತದೆ. ಕಬ್ಬು ನುರಿಸುವ ಸೀಜನ್ನಿನಲ್ಲಿ ರಾಯಬಾಗ, ಕಾಗವಾಡ ಕಡೆ ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕರಿ ಮಸಿ ಬೀಳುವುದನ್ನು ಯಾರು ಕಂಡಿಲ್ಲ? ಬಟ್ಟೆಯನ್ನಾದರೂ ಒಗೆಯುತ್ತೇವೆ. ಇನ್ನು ನಮ್ಮ ಛಾಪಖಾನೆಗಳಲ್ಲಿ ಕಾಗದ ಕತ್ತರಿಸಿದ ನವಿರು ಪುಡಿ, ಆಫ್‌ಸೆಟ್ಟಿನ ಹಾಳೆಗಳು ಅಂಟದಿರಲಿ ಎಂದು ಹೊಡೆಯುವ ಬಿಳಿ ಪೌಡರು, ಇಂಕಿನ ಜಿಡ್ಡು ಮೂರೂ ಸೇರಿ ಜಾಲರಿಗೆ ಗಿಲಾವು ಮಾಡಿದ ಹಾಗೆ ಕೂರುತ್ತವೆ. ಮೇಲೆ ಏಪ್ರಿಲ್ ತಿಂಗಳ ಅಥಣಿಯ ಬಿಸಿಲು, ತಗಡಿನ ಮಾಡು! ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವನು ಬರೆದ ಸೂಚನಾ ಪುಸ್ತಕದಲ್ಲಿ ಇದೆಲ್ಲ ಎಲ್ಲಿಂದ ಬರಬೇಕು?

ಮದ್ದು ಸರಳ. ಚಾರ್ಜರ್ ಕಿತ್ತು, ಪೂರ್ತಿ ಬಂದ್ ಮಾಡಿ, ಕೆಳಗಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಜೋಡಣೆ ತೆಗೆಯಿರಿ. ಫ್ಯಾನಿನ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆಹಿಡಿದು ಮೆತ್ತನೆಯ ಕುಂಚ, ಬ್ಲೋವರ್‌ನಿಂದ ಧೂಳು ಹೊರಡಿಸಿ. ರೆಕ್ಕೆ ಹಿಡಿಯದೆ ಗಾಳಿ ಹೊಡೆದರೆ ಅದು ಗಿರ್ರೆಂದು ತಿರುಗಿ ಕೆಡುತ್ತದೆ. ಪ್ರೊಸೆಸರ್ ಮೇಲಿನ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು. ಇದು ಕೈ ಪಳಗಿದವರ ಕೆಲಸ, ಗೊತ್ತಿಲ್ಲದಿದ್ದರೆ ಅಂಗಡಿಯವನಿಂದಲೇ ಎದುರಿಗೆ ನಿಂತು ಮಾಡಿಸಿ. ಮಷಿನ್ನನ್ನು ಹಾಸಿಗೆಯ ಮೇಲೆ, ಗಾದಿಯ ಮೇಲೆ ಇಟ್ಟು ಉಸಿರು ಕಟ್ಟಿಸಬೇಡಿ. 2019ರ ಕೃಷ್ಣೆಯ ಮಹಾಪೂರದಲ್ಲಿ ನೆನೆದು ಒಣಗಿದ ಮಷಿನ್‌ಗಳು ಕೂಡ ನಮ್ಮಲ್ಲಿ ಇನ್ನೂ ಓಡುತ್ತಿವೆ. ಅವುಗಳ ಬೋರ್ಡಿಗೆ ಹಸಿರು ತುಕ್ಕು ಹಿಡಿದಿದ್ದರೆ ಯಾವ ಕುಂಚವೂ ಸಾಲದು.

ಎರಡನೆಯ ಕಳ್ಳ ಬ್ಯಾಟರಿ. 'ಪವರ್ ಸ್ಟ್ಯಾಟಿಸ್ಟಿಕ್ಸ್' ಎಂಬ ಕಿಟಕಿ ತೆರೆದರೆ ಎರಡು ಅಂಕಿ ಕಾಣುತ್ತವೆ: ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ತುಂಬಿದರೆ ಎಷ್ಟು ಹಿಡಿಯುತ್ತದೆ. ಮೊದಲಿನದು 48, ಈಗಿನದು 15 ಎಂದಿದ್ದರೆ ಅದು ಬ್ಯಾಟರಿಯಲ್ಲ, ಬ್ಯಾಟರಿಯ ವೇಷ. ಪರದೆಯ ಮೂಲೆಯಲ್ಲಿ ಶೇ. 35 ಎಂದು ತೋರಿಸುತ್ತಲೇ, ಹೊರೆ ಬಿದ್ದ ಕೂಡಲೇ ವೋಲ್ಟೇಜ್ ಕುಸಿದು, ದಿಢೀರ್ ಕತ್ತಲು! ಒಳ್ಳೆಯ ಬ್ಯಾಟರಿಯಾದರೆ ಶೇ. 2ರ ಸುಮಾರಿಗೆ ಬಂದಾಗ ಲಿನಕ್ಸ್ ತಾನೇ ಮರ್ಯಾದೆಯಿಂದ ಮಷಿನ್ ಮಲಗಿಸುತ್ತದೆ ಅಥವಾ ಬಂದ್ ಮಾಡುತ್ತದೆ. ಮುದಿ ಬ್ಯಾಟರಿ ಅದಕ್ಕೂ ಪುರಸತ್ತು ಕೊಡುವುದಿಲ್ಲ.

"ನಾವು ಸದಾ ಚಾರ್ಜರ್ ಹಚ್ಚೇ ಇಟ್ಟಿರ್ತೀವ್ರಿ" ಎನ್ನುವವರೇ, ನಿಮಗೂ ಇದೆ ಮಾತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಎಂದರೆ ಯು.ಪಿ.ಎಸ್. ಇಲ್ಲದ ಡೆಸ್ಕ್‌ಟಾಪ್. ನಮ್ಮ ಊರುಗಳಲ್ಲಿ ಪಂಪ್‌ಸೆಟ್ಟುಗಳು ಒಮ್ಮೆಲೇ ಹತ್ತಿದಾಗ ದೀಪ ಮಿಣಕ್ ಎನ್ನುತ್ತದಲ್ಲ, ಕರೆಂಟು ಒಂದು ಕ್ಷಣ ಹೋಗಿ ಬರುತ್ತದಲ್ಲ, ದೀಪಕ್ಕೆ ಅದು ಮಿಣಕು, ಲ್ಯಾಪ್‌ಟಾಪಿಗೆ ಮರಣ. ಬಂದ್ ಆದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ದಿನಾ ಅದೇ ಹೊತ್ತಿಗೆ ಆಗುತ್ತಿದ್ದರೆ ಕಳ್ಳ ತಂತಿಯಲ್ಲಿದ್ದಾನೆ. ಡೂಪ್ಲಿಕೇಟ್ ಚಾರ್ಜರ್ ಇದ್ದರೆ ಅದರ ಬೆನ್ನ ಮೇಲೆ ಬರೆದ ವ್ಯಾಟ್ ಓದಿ. 65 ವ್ಯಾಟ್ ಬೇಡುವ ಮಷಿನ್ನಿಗೆ 45 ವ್ಯಾಟಿನದು ಹಚ್ಚಿದರೆ ಎರಡಾಳಿನ ಹೊರೆ ಒಬ್ಬನ ತಲೆಗೆ ಹೊರಿಸಿದಂತೆ. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಆ ಕ್ಷಣವೇ ಬಳಸುವುದನ್ನು ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ, ಬೆಂಕಿ ಹತ್ತುತ್ತದೆ.

ಒಂದು ತಮಾಷೆಯ ಕಳ್ಳನೂ ಇದ್ದಾನೆ. ಮುಚ್ಚಳ ಮುಚ್ಚಿದೆ ಎಂದು ಮಷಿನ್ನಿಗೆ ತಿಳಿಸುವುದು ಬಹಳ ಮಾದರಿಗಳಲ್ಲಿ ಒಂದು ಅಯಸ್ಕಾಂತ. ಮೊಬೈಲಿನ ಅಯಸ್ಕಾಂತದ ಕವರನ್ನು ಕೀಲಿಮಣೆಯ ಅಂಚಿಗಿಟ್ಟರೆ, ಮುಚ್ಚಿತೆಂದು ತಿಳಿದು ಮಷಿನ್ ನಿದ್ದೆ ಹೋಗುತ್ತದೆ. ಗುಂಡಿ ಒತ್ತಿದಾಗ ತೆರೆದ ಕಡತಗಳು ಹಾಗೇ ಇದ್ದರೆ ಅದು ನಿದ್ದೆ, ಸಾವಲ್ಲ.

ಹಾಗಾದರೆ ಲಿನಕ್ಸ್ ಅಪರಂಜಿಯೇ? ಅಲ್ಲ. ನಮ್ಮವನೆಂದು ಅದರ ತಪ್ಪು ಮುಚ್ಚಿಡುವ ಜಾತಿ ನಮ್ಮದಲ್ಲ. ಕೆಲವು ಮಾದರಿಗಳ ಫ್ಯಾನನ್ನು ಅದು ಸರಿಯಾಗಿ ಓಡಿಸುವುದಿಲ್ಲ, ಯಾಕೆಂದರೆ ಕಂಪನಿಗಳು ಗುಟ್ಟು ಬಿಟ್ಟುಕೊಡುವುದಿಲ್ಲ. ಎರಡು ಗ್ರಾಫಿಕ್ಸ್ ಚಿಪ್ ಇರುವ ಮಷಿನ್ನಿನಲ್ಲಿ ದೊಡ್ಡದು ಸುಮ್ಮನೆ ಉರಿಯುತ್ತಿರಬಹುದು. ನಿನ್ನೆ ಅಪ್‌ಡೇಟ್ ಆಗಿ ಇಂದಿನಿಂದ ಕಾಟ ಶುರುವಾಗಿದ್ದರೆ ಅನುಮಾನಕ್ಕೆ ಕಾರಣವಿದೆ. ಆಗ ಚಾಲೂ ಆಗುವಾಗಿನ ಗ್ರಬ್ ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನೆಲ್ ಆರಿಸಿ ಎರಡು ದಿನ ನಡೆಸಿ ನೋಡಿ. ಅದರಲ್ಲಿ ಕಾಟವಿಲ್ಲವೆಂದರೆ ತಪ್ಪು ಲಿನಕ್ಸಿನದೇ, ಬೈಯಿರಿ, ನಾನೂ ಜೊತೆಗೂಡುತ್ತೇನೆ. ಆದರೆ ಅದಕ್ಕೂ ಡಿಸ್ಕ್ ಅಳಿಸಬೇಕಿಲ್ಲ! ಮಷಿನ್ ಏಳದೇ ಹೋದರೂ ಉಬುಂಟು ತುಂಬಿದ ಪೆನ್‌ಡ್ರೈವ್‌ನಿಂದ ಎಬ್ಬಿಸಿ ನಿಮ್ಮ ಬರಹ ಹೊರತೆಗೆಯಬಹುದು. ಮಾಸ್ತರರ ಹಾಡುಗಳನ್ನು ಉಳಿಸಲು ಬೇಕಾಗಿದ್ದದ್ದು ಒಂದು ಪೆನ್‌ಡ್ರೈವ್, ಅರ್ಧ ತಾಸು.

ಕಾಸರಗೋಡಿನ ಮಗುವಿಗೆ ಗೊತ್ತಿದೆ, ಚಿಕ್ಕೋಡಿಯ ಮಗುವಿಗೆ?

ಈಗ ಸರಕಾರದ ಕಡೆಗೆ ತಿರುಗೋಣ. ಕೇರಳ ಸರಕಾರ 2001ರಲ್ಲಿ 'ಐಟಿ ಅಟ್ ಸ್ಕೂಲ್' ಶುರು ಮಾಡಿತು. 2017ರಲ್ಲಿ ಅದು 'ಕೈಟ್' ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳ ಕಂಪ್ಯೂಟರ್ ನಡೆಯುವುದು ಲಿನಕ್ಸ್ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠದ ಪುಸ್ತಕವನ್ನು ಕನ್ನಡದಲ್ಲೇ ಕೊಡುತ್ತಾರೆ. ಮಲಯಾಳಿ ಸರಕಾರ, ಕನ್ನಡ ಪುಸ್ತಕ! ಇತ್ತ ಮುಂಬೈಯ ಐ.ಐ.ಟಿ.ಯವರು 'ಸ್ಪೋಕನ್ ಟ್ಯುಟೋರಿಯಲ್' ಎಂಬ ಹೆಸರಿನಲ್ಲಿ ಲಿನಕ್ಸ್ ಪಾಠಗಳಿಗೆ ಕನ್ನಡದ ದನಿ ಕೊಡಿಸಿ ಇಟ್ಟಿದ್ದಾರೆ. ಗಡಿ ವಿಷಯ ಬಂದಾಗ ನಾವು ಕೇರಳದ ಮೇಲೂ ಮುಂಬೈಯ ಮೇಲೂ ಘೋಷಣೆ ಕೂಗುತ್ತೇವೆ. ಕೂಗೋಣ. ಆದರೆ ಅವರು ಕನ್ನಡದಲ್ಲಿ ಮಾಡಿಟ್ಟ ಕೆಲಸ ನೋಡಿ ನಮ್ಮ ಇಲಾಖೆಗಳಿಗೆ ಮುಖ ಕೆಂಪಾಗಬೇಡವೇ? ನಮ್ಮಲ್ಲೂ ಸರಕಾರಿ ಶಾಲೆಯ ಶಿಕ್ಷಕರಿಗೆ ಉಬುಂಟು ತರಬೇತಿ ನಡೆದದ್ದುಂಟು. ಕಲಿತ ಮಾಸ್ತರರ ಕೈಗೆ ಬಂದ್ ಆಗುವ ಲ್ಯಾಪ್‌ಟಾಪ್ ಬಂದಾಗ ಕೇಳಲು ಕನ್ನಡದಲ್ಲಿ ಯಾರಿದ್ದಾರೆ?

2024ರ ತಿದ್ದುಪಡಿಯಿಂದ ಅಂಗಡಿಗಳ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಸಂತೋಷ. ಆ ಹೋರಾಟದ ಕರಪತ್ರಗಳ ಇಂಕು ನನ್ನ ಕೈಗೂ ಹತ್ತಿದೆ. ಆದರೆ ಅಂಗಡಿಯ ಬೋರ್ಡಿಗೆ ಬಂದ ಕನ್ನಡ ಮದರ್‌ಬೋರ್ಡಿನ ತನಕ ಬರುವುದು ಯಾವಾಗ? ಹೊರಗೆ ದೊಡ್ಡ ಕನ್ನಡ ಫಲಕ, ಒಳಗೆ ಕೊಡುವ ಚೀಟಿಯಲ್ಲಿ ಇಂಗ್ಲಿಷಿನ ಎರಡು ಪದ, 'ಓ.ಎಸ್. ಪ್ರಾಬ್ಲಂ'. ಗಿರಾಕಿ ಕೇಳುವಂತಿಲ್ಲ, ಹೇಳುವಂತಿಲ್ಲ.

ನಮ್ಮ ಐದು ತಾಲೂಕುಗಳ ರಾಜ್ಯೋತ್ಸವ ಸಮಿತಿಗಳಿಗೆ ನೇರವಾಗಿ ಹೇಳುತ್ತೇನೆ. ಈ ನವೆಂಬರ್‌ನಲ್ಲಿ ಒಂದು ಫ್ಲೆಕ್ಸ್ ಕಡಿಮೆ ಹಾಕಿ. ಆ ದುಡ್ಡಿನಲ್ಲಿ ಬಯೋಸ್ ಪರೀಕ್ಷೆ, ದಿನಚರಿ ಓದುವ ಬಗೆ, ಕಾವು, ಬ್ಯಾಟರಿ ಈ ನಾಲ್ಕನ್ನೂ ಕನ್ನಡದಲ್ಲಿ ಬರೆದ ಒಂದು ಹಾಳೆ ಛಾಪಿಸಿ ಪ್ರತಿ ಪ್ರೌಢಶಾಲೆ, ಐ.ಟಿ.ಐ., ಗ್ರಂಥಾಲಯದ ಗೋಡೆಗೆ ಅಂಟಿಸಿ. ಛಾಪಿಸುವ ಕೆಲಸ ನನಗೇ ಕೊಡಿ ಎಂದು ಕೇಳುತ್ತಿಲ್ಲ, ಯಾವ ಪ್ರೆಸ್ಸಿಗಾದರೂ ಕೊಡಿ. ಕಡತ ಬೇಕಿದ್ದರೆ ಪುಕ್ಕಟೆ ಕೊಡುತ್ತೇನೆ.

ಓದುಗರೇ, ಅಲ್ಲಿಯ ತನಕ ಲ್ಯಾಪ್‌ಟಾಪನ್ನು ಯಾವ ಅಂಗಡಿಗೆ ಒಯ್ದರೂ ಕೊಡುವ ಮೊದಲು ಚೀಟಿಯ ಮೇಲೆ ಕನ್ನಡದಲ್ಲಿ ಇಷ್ಟು ಬರೆಸಿಕೊಳ್ಳಿ: "ಗಿರಾಕಿಯನ್ನು ಕೇಳದೆ ಡಿಸ್ಕ್ ಅಳಿಸುವುದಿಲ್ಲ. ಫ್ಯಾನು, ಬ್ಯಾಟರಿ, ಚಾರ್ಜರ್ ನೋಡಿದ ಮೇಲೆಯೇ ಬೇರೆ ಮಾತು." ಕೆಳಗೆ ಅಂಗಡಿಯ ಮೊಹರು, ತಾರೀಖು. ಬರೆದುಕೊಡಲು ಒಪ್ಪದವನ ಕೈಗೆ ಮಷಿನ್ ಕೊಡಬೇಡಿ.